ಯಜಮಾನರ ಒಂದನೇ ನಂಬರು

ನಮ್ಮೂರಿನಲ್ಲಿ ಮನೆಯೊಳಗೆ ಮಾತಾಡಬೇಕಾದರೆ ನಂಬರು ಇರಬೇಕು. ನಂಬರಿಲ್ಲದವರು ಹೊಸ್ತಿಲ ಒಳಗೆ ನಿಂತು ಎಷ್ಟೇ ಬಾಯಿ ಬಡಿದುಕೊಂಡರೂ ತುಟಿ ಅಲ್ಲಾಡುತ್ತದೆಯೇ ಹೊರತು ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಹೊಸ್ತಿಲು ದಾಟಿ ಬೀದಿಗೆ ಬಂದರೆ ಯಾವ ನಂಬರೂ ಬೇಡ. ಅದಕ್ಕೇ ನಮ್ಮೂರಿನ ಹೆಂಗಸರು ಯಾವಾಗ ನೋಡಿದರೂ ಬೀದಿಯಲ್ಲೇ ಇರುತ್ತಾರೆ. ಹೊರಗಿನಿಂದ ಬಂದವರು, ಈ ಊರಿನ ಹೆಂಗಸರಿಗೆ ಮನೆಗೆಲಸವೇ ಇಲ್ಲವೇನೋ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಅವರ ಊರಿನಲ್ಲಿ ಗೋಡೆಗೂ ಕಿವಿ ಇರುತ್ತದಂತೆ, ಅವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು.

ಹಿಂದೆ ನಂಬರು ಕೊಡುತ್ತಿದ್ದವರು ಮನೆಯ ಹಿರಿಯರು. ನಾನು ಮದುವೆಯಾಗಿ ಬಂದಾಗ, ಸೇರು ಒದ್ದು ಒಳಗೆ ಕಾಲಿಡುವ ಮೊದಲು ನಮ್ಮತ್ತೆ ಗಿರಿಜಮ್ಮನವರು ಕಿವಿಯಲ್ಲಿ ನಂಬರು ಹೇಳಿ ತಲೆಯ ಮೇಲೆ ಅಕ್ಷತೆ ಹಾಕಿದ್ದರು. ಕೂಸು ಹುಟ್ಟಿದರೆ ಹೆಸರಿಡುವ ಮುಂಚೆ ನಂಬರಿಡುತ್ತಿದ್ದರು. ಇಲ್ಲವಾದರೆ ಅದು ಹಸಿದು ಅತ್ತದ್ದು ತಾಯಿಗೆ ತಿಳಿಯುವುದು ಹೇಗೆ? ಆಮೇಲೆ ಪುರಸಭೆಯವರು ಆಟೋಗೆ ಮೈಕು ಕಟ್ಟಿಕೊಂಡು ಬಂದು, ಕಾಲ ಬದಲಾಗಿದೆ, ಇನ್ನು ಮೇಲೆ ಮನೆಮನೆಗೂ ರೌಟರು ಬರುತ್ತದೆ, ನಂಬರು ಹಂಚುವ ಕೆಲಸ ಅದರದ್ದು ಎಂದು ಸಾರಿ ಹೋದರು. ಇಂಟರ್‌ನೆಟ್ಟೂ ಅದರಲ್ಲೇ, ಮಾತೂ ಅದರಲ್ಲೇ.

ನಮ್ಮ ಮಾವ ಮರುಳಸಿದ್ದಯ್ಯನವರು ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ಮ್ಯಾನೇಜರಾಗಿದ್ದು ರಿಟೈರಾದವರು. ಒಳ್ಳೆಯ ಮನುಷ್ಯ. ಯಾರ ಮೇಲೂ ಕೈ ಎತ್ತಿದವರಲ್ಲ, ಕೂಗಾಡಿದವರೂ ಅಲ್ಲ. ಆದರೆ ಜಗತ್ತನ್ನೆಲ್ಲ ಅವರು ರೂಮುಗಳ ಲೆಕ್ಕದಲ್ಲೇ ನೋಡುತ್ತಿದ್ದರು. ರೌಟರು ಹಾಕಲು ಬಂದ ಕೇಬಲ್ಲಿನ ಜಬ್ಬಾರ್ ಸಾಹೇಬರು ಹಾಲಿನ ಗೋಡೆಗೆ ಮೊಳೆ ಹೊಡೆದು, ಪೆಟ್ಟಿಗೆ ಸಿಕ್ಕಿಸಿ, ಹಸಿರು ದೀಪ ಹತ್ತಿದ ಮೇಲೆ, "ಇನ್ನು ತಾನೇ ಹಂಚುತ್ತೆ ಯಜಮಾನ್ರೇ. ಯಾರು ಮೊದಲು ಕೇಳ್ತಾರೋ ಅವರಿಗೆ ಮೊದಲು" ಎಂದರು. ಮಾವನಿಗೆ ಅದು ಹಿಡಿಸಲಿಲ್ಲ. "ಕೇಳಿದೋರಿಗೆಲ್ಲ ಕೊಡೋಕೆ ಇದೇನು ಧರ್ಮಛತ್ರವಾ? ರೂಮು ಕೊಡೋದು ಹೇಗೆ ಅಂತ ನನಗೆ ಹೇಳಿಕೊಡಬೇಡಿ. ಯಾರಿಗೆ ಯಾವುದು ಅಂತ ನಾನು ಹೇಳ್ತೀನಿ, ನೀವು ಒತ್ತಿ" ಎಂದು ಕುರ್ಚಿ ಎಳೆದುಕೊಂಡು ಕೂತರು.

ಹಂಚಿಕೆ ಶುರುವಾಯಿತು. ಶಾಸಕರು ಎಂದಾದರೂ ಬಂದರೆ ಇರಲಿ ಎಂದು ಒಂದು ನಂಬರು ಎತ್ತಿಟ್ಟರು. ಮಠದ ಸ್ವಾಮಿಗಳಿಗೊಂದು, ಅವರ ಜೊತೆ ಬರುವ ಮರಿಸ್ವಾಮಿಗಳಿಗೊಂದು. ಲಾಡ್ಜಿನಲ್ಲಿ ಹದಿಮೂರನೇ ರೂಮು ಇರಲಿಲ್ಲವಾದ್ದರಿಂದ ಇಲ್ಲೂ ಅದನ್ನು ಹಾರಿಸಿದರು. ಫ್ರಿಜ್ಜಿಗೆ ಮೂರನೇ ನಂಬರು ಸಿಕ್ಕಿತು, ಮನೆಯ ಹೆಂಗಸರಿಗೆಲ್ಲ ಅದರ ನಂತರದವು. ನಾನು ಮುಖ ನೋಡಿದ್ದಕ್ಕೆ, "ಅದು ಈ ಮನೆಗೆ ನಿನಗಿಂತ ಮುಂಚೆ ಬಂದಿದ್ದು ಕಣಮ್ಮ" ಎಂದರು. ಮಾತು ನಿಜವೇ. ಈಗಲೂ ಫ್ರಿಜ್ಜು, ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಕೂಗಿಕೊಂಡರೆ ಮನೆಮಂದಿಯೆಲ್ಲ ಎದ್ದು ಓಡುತ್ತಾರೆ. ಪಾತ್ರೆ ತೊಳೆಯುವ ಹೊಂಬಾಳಮ್ಮನಿಗೂ ಒಂದು ಕೊಡಿ ಎಂದು ಅತ್ತೆ ಕೇಳಿದ್ದಕ್ಕೆ, ಅವಳಿರುವುದು ಹಿತ್ತಲಲ್ಲಿ ತಾನೇ ಎಂದುಬಿಟ್ಟರು.

ಇಷ್ಟೆಲ್ಲ ಆದಮೇಲೆ ಜಬ್ಬಾರ್ ಸಾಹೇಬರು, "ನಿಮಗೆ ಯಾವುದು ಹಾಕ್ಲಿ?" ಎಂದು ಕೇಳಿದರು. ಮಾವ ನಕ್ಕರು. "ಅದೂ ಕೇಳೋ ಮಾತೇನ್ರೀ? ಒಂದು." ಸಾಹೇಬರು ಕತ್ತು ಕೆರೆದುಕೊಂಡು, "ಒಂದು ಅನ್ನೋದು ಪೆಟ್ಟಿಗೆಯದ್ದೇ ನಂಬರು ಯಜಮಾನ್ರೇ. ನೀವು ಎರಡು ಇಟ್ಕೊಳ್ಳಿ, ಏನೂ ಕಮ್ಮಿ ಆಗಲ್ಲ" ಎಂದರು. "ಈ ಮನೆಗೆ ಯಜಮಾನ ನಾನಾ ಪೆಟ್ಟಿಗೆನಾ?" ಎಂದರು ಮಾವ. ಸಾಹೇಬರು ಒಂದನ್ನು ಒತ್ತಿ, ಕಾಫಿ ಕುಡಿದು, ಮುಂದಿನ ಮನೆಗೆ ಹೋದರು. ಎರಡನೇ ನಂಬರು ಮಾವನ ಮಗ, ಅಂದರೆ ನನ್ನ ಗಂಡ ರೇಣುಕಪ್ರಸಾದರಿಗೆ ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಶಾಂತಿ ನೆಲೆಸಿತು. ಮಾವ ಬಾಯಿ ತೆರೆದರೆ ಸಾಕು, ಎಲ್ಲರೂ ಗಪ್‌ಚಿಪ್. ಅವರು ಹೇಳುವುದನ್ನು ಹೇಳಿ ಮುಗಿಸಿ, ಇನ್ನೇನಾದರೂ ಇದೆಯಾ ಎಂದು ಸುತ್ತ ನೋಡುತ್ತಿದ್ದರು. ಯಾರದೂ ದನಿ ಇಲ್ಲ. "ನೋಡಿ, ಈಗ ಮನೆ ಅಂದ್ರೆ ಮನೆ. ಮೊದಲು ನಾನು ಒಂದು ಮಾತಾಡಿದ್ರೆ ನೀವು ನಾಲ್ಕು ಆಡ್ತಿದ್ರಿ" ಎಂದು ಖುಷಿಪಟ್ಟರು. ನಮ್ಮ ತುಟಿಗಳು ಅಲ್ಲಾಡುವುದು ಅವರಿಗೆ ಕಾಣುತ್ತಿರಲಿಲ್ಲ ಎಂದಲ್ಲ. ದೊಡ್ಡವರ ಮುಂದೆ ಮಾತಾಡಲು ಅಂಜಿಕೆ, ಬಾಯಲ್ಲೇ ಗೊಣಗಿಕೊಳ್ಳುತ್ತಾರೆ, ಪಾಪ, ಎಂದುಕೊಂಡಿದ್ದರು.

ಕಾರಣ ಗೊತ್ತಾದದ್ದು ಪೆಟ್ಟಿಗೆಯ ಧೂಳು ಒರೆಸುವಾಗ. ಮಾವ ಪಡಸಾಲೆಯಿಂದ "ಕಾಫಿ ಆಯ್ತೇನಮ್ಮಾ?" ಎಂದರು. ನನ್ನ ಕಣ್ಣ ಮುಂದೆಯೇ ಹಸಿರು ದೀಪ ಕೆಂಪಾಯಿತು. ಆಯಿತು ಮಾವ ಎಂದೆ, ನನಗೇ ಕೇಳಲಿಲ್ಲ. ಕಾಫಿ ಕೊಟ್ಟು, ಅವರು ಕುಡಿದು ಲೋಟ ಕೆಳಗಿಟ್ಟ ಮೇಲೆ ದೀಪ ಮತ್ತೆ ಹಸಿರಾಯಿತು. ಬೀದಿಯಲ್ಲಿ ಜಬ್ಬಾರ್ ಸಾಹೇಬರನ್ನು ಹಿಡಿದು ಕೇಳಿದೆ. "ಯಜಮಾನ್ರದ್ದೂ ಪೆಟ್ಟಿಗೆದ್ದೂ ಒಂದೇ ನಂಬರಲ್ವಾ ತಾಯಿ. ಅವರು ಮಾತಾಡಿದ್ರೆ ಪೆಟ್ಟಿಗೆ ಮಲಗುತ್ತೆ. ಅದು ಎದ್ದು ಮತ್ತೆ ಎಲ್ರಿಗೂ ನಂಬರು ಕೊಡೋ ಹೊತ್ತಿಗೆ ಅವರ ಮಾತು ಮುಗಿದಿರುತ್ತೆ" ಎಂದರು. ಹಾಗಾದರೆ ಸರಿಮಾಡಬಾರದಾ ಎಂದೆ. "ಊರಲ್ಲೆಲ್ಲ ಹೀಗೇ ತಾಯಿ. ಯಾವ ಮನೆ ಯಜಮಾನ್ರು ಎರಡನೇ ನಂಬರು ತಗೋತಾರೆ ಹೇಳಿ? ನಮಗೂ ಇದುವರೆಗೆ ಒಂದು ಕಂಪ್ಲೇಂಟೂ ಬಂದಿಲ್ಲ." ಬರುವುದಾದರೂ ಹೇಗೆ ಎಂದು ನಾನು ಕೇಳಲಿಲ್ಲ. ಅವರ ಮನೆಯಲ್ಲಿ ಒಂದನೇ ನಂಬರು ಯಾರದ್ದು ಎಂದು ಕೇಳಿದೆ. ಅವರು ಸೈಕಲ್ ಹತ್ತಿದರು.

ಗಂಡನಿಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. "ಇರಲಿ ಬಿಡೇ, ವಯಸ್ಸಾದೋರು. ನಾಳೆ ಒಂದನೇ ನಂಬರು ನನಗೇ ಬರುತ್ತಲ್ಲ" ಎಂದರು. ಆ ನಾಳೆಯನ್ನು ನೆನೆಸಿಕೊಂಡು ನನಗೆ ಮೈ ಉರಿದುಹೋಯಿತು. ಅತ್ತೆ ಮಾತ್ರ ಯಾರಿಗೂ ಏನೂ ಹೇಳದೆ ಒಂದು ದಾರಿ ಮಾಡಿಕೊಂಡಿದ್ದರು. ಮಾವ ಊಟ ಮಾಡಿ ಮಲಗಿದ ಮೇಲೆ ಅವರು ಅಡುಗೆಮನೆಯಲ್ಲಿ ಕೂತು, ಆವತ್ತಿನ ಮಾತನ್ನೆಲ್ಲ ಒಂದೇ ಸಮನೆ ಆಡಿ ಮುಗಿಸುತ್ತಿದ್ದರು. ಗೊರಕೆಗೆ ನಂಬರು ಬೇಡ, ಅದರಿಂದ ಪೆಟ್ಟಿಗೆಗೂ ತೊಂದರೆಯಿಲ್ಲ. ಊರಿನ ಎಷ್ಟೋ ಮನೆಗಳು ಮಧ್ಯಾಹ್ನದ ಆ ಗೊರಕೆಯ ಮೇಲೇ ನಿಂತಿದ್ದವು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ನನ್ನ ನಾದಿನಿ ದಾಕ್ಷಾಯಿಣಿಗೆ ಗಂಡು ಗೊತ್ತಾಯಿತು. ದಾಕ್ಷಿ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ವ್ಯಾನು ಅವಳದೇ. ಓಡಿಸಲು ಕಲಿಸಿದವರು ಮಾವನೇ. ಲಾಡ್ಜಿನ ಹಳೇ ಜೀಪಿನಲ್ಲಿ ಮಗಳನ್ನು ಪಕ್ಕ ಕೂರಿಸಿಕೊಂಡು, ಗೇರು ಬದಲಿಸುವಾಗ ಅವಳ ಕೈಮೇಲೆ ತಮ್ಮ ಕೈ ಇಟ್ಟು ಕಲಿಸಿದ್ದರಂತೆ. ರಸ್ತೆಯಲ್ಲಿ ಅವಳ ದನಿ ಕೇಳಬೇಕು ನೀವು. ಲಾರಿ ಡ್ರೈವರುಗಳು ದಾರಿ ಬಿಡುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಮಾತ್ರ ಅವಳೂ ನಮ್ಮ ಹಾಗೇ.

ಗಂಡಿನ ಮನೆಯವರು ಎರಡು ಬೀದಿ ಆಚೆಯವರು, ಸಿಮೆಂಟ್ ಏಜೆನ್ಸಿ ಇಟ್ಟುಕೊಂಡವರು. ಹುಡುಗ ನೋಡಲು ಚೆನ್ನಾಗಿದ್ದ, ಅಪ್ಪನ ಕಡೆ ನೋಡದೆ ನೀರೂ ಕುಡಿಯುತ್ತಿರಲಿಲ್ಲ. ದಾಕ್ಷಿಗೆ ಅವನು ಬೇಡ. ನೋಡಿಕೊಂಡು ಹೋದ ಸಂಜೆಯೇ ಮಾವ ಪ್ರೀತಿಯಿಂದ, "ಏನಮ್ಮಾ, ಒಪ್ಪಿಗೇನಾ? ಬೇಡ ಅಂದ್ರೆ ಈಗಲೇ ಹೇಳಿಬಿಡು, ನನ್ನ ಬಲವಂತ ಏನಿಲ್ಲ" ಎಂದು ಕೇಳಿದರು. ಅವಳು ಬೇಡ ಅಪ್ಪ ಎಂದಳು. ದೀಪ ಕೆಂಪಗಿತ್ತು. ಮಾವ ಅವಳ ಮುಖ ನೋಡುತ್ತ ಪಾಪ, ಕಾದರು. ಆಮೇಲೆ ಅವಳ ತಲೆ ಸವರಿ, "ಮೌನಂ ಸಮ್ಮತಿ ಲಕ್ಷಣಂ" ಎಂದು ಕಣ್ಣು ಒರೆಸಿಕೊಂಡರು.

ಅವಳು ಸುಮ್ಮನೆ ಬಿಟ್ಟವಳಲ್ಲ. ಮಾವ ಸುಮ್ಮನಿದ್ದ ಹೊತ್ತು ನೋಡಿ, "ಅಪ್ಪಾ" ಎಂದು ಶುರುಮಾಡುತ್ತಿದ್ದಳು. ಅವರು ಕೂಡಲೇ ಅಕ್ಕರೆಯಿಂದ "ಏನಮ್ಮಾ?" ಎನ್ನುತ್ತಿದ್ದರು. ಮುಗಿಯಿತು. ಒಂದು ದಿನ ಸಿಟ್ಟಿನಿಂದ ಚೀಟಿ ಬರೆದು ಕೈಗೆ ಕೊಟ್ಟಳು. ಲಾಡ್ಜಿನಲ್ಲಿ ಯಾರೇ ಬರೆದು ಕೊಟ್ಟರೂ ಓದದೆ ದೂರಿನ ಪೆಟ್ಟಿಗೆಗೆ ಹಾಕುವುದು ಅವರ ಜೀವಮಾನದ ಅಭ್ಯಾಸ. ಮಡಿಸಿ ಜೇಬಿಗೆ ಹಾಕಿಕೊಂಡು, "ಆಯ್ತು, ನೋಡೋಣ" ಎಂದರು. ಶರಟಿನ ಜೊತೆ ಅದನ್ನೂ ಹೊಂಬಾಳಮ್ಮ ಒಗೆದಳು. ಕೊನೆಗೆ ಬೀದಿಯಲ್ಲಿ, ತರಕಾರಿ ಗಾಡಿಯ ಹತ್ತಿರ, "ಅಪ್ಪಾ, ಆ ಸಂಬಂಧ ಇದೆಯಲ್ಲ" ಎಂದು ಬಾಯಿ ತೆರೆದಳು. ಮಾವ ಎರಡೂ ಕಿವಿ ಮುಚ್ಚಿಕೊಂಡು ಆಕಾಶ ನೋಡಿದರು. ಮನೆ ಮಾತು ಬೀದಿಗೆ ತರಬಾರದು ಎನ್ನುವುದು ನಮ್ಮೂರಿನ ಯಜಮಾನರುಗಳು ಎದೆಗೆ ಬರೆದುಕೊಂಡ ಮಾತು. ಅವರಿಗೆ ಅದನ್ನು ಪಾಲಿಸುವುದು ಸುಲಭ, ಮನೆಯಲ್ಲಿ ಅವರ ಮಾತು ಕೇಳುತ್ತದಲ್ಲ.

ವೀಳ್ಯಶಾಸ್ತ್ರಕ್ಕೆ ದಿನ ಇಟ್ಟರು. ಎಲೆ ಅಡಿಕೆ ಬದಲಾಯಿಸಿದರೆ ಮಾತು ಕೊಟ್ಟ ಹಾಗೆ, ನಮ್ಮವರಲ್ಲಿ ಅದಾದ ಮೇಲೆ ಹಿಂದೆ ಸರಿಯುವುದಿಲ್ಲ. ಹಿಂದಿನ ದಿನ ನಾನು ದಾಕ್ಷಿಯ ವ್ಯಾನಿನಲ್ಲಿ ಪಕ್ಕಕ್ಕೆ ಕೂತು ಹೋದೆ. ವ್ಯಾನಿಗೆ ಹೊಸ್ತಿಲಿಲ್ಲವಲ್ಲ, ಅಲ್ಲಿ ಮಾತಾಡಬಹುದು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಗೇರು ಹಾಕುತ್ತಿದ್ದಳು. "ಅತ್ತಿಗೆ, ಅಪ್ಪ ಕೆಟ್ಟೋರಾಗಿದ್ರೆ ಓಡಿಹೋಗ್ತಿದ್ದೆ. ಕೇಳ್ತಾರೆ ಕಣತ್ತಿಗೆ, ದಿನಾ ಕೇಳ್ತಾರೆ. ಅವರ ಮಾತು ಒಂದೇ ಒಂದ್ಸಲ ಯಾರಿಗೂ ಕೇಳಿಸದೆ ಹೋಗ್ಬೇಕು. ಆಗ ಗೊತ್ತಾಗುತ್ತೆ" ಎಂದಳು. ನನಗೆ ಅಲ್ಲೇ ಹೊಳೆಯಿತು. ಹೊಳೆದದ್ದು ಸರಿಯೋ ತಪ್ಪೋ ಗೊತ್ತಿರಲಿಲ್ಲ. ಕೈಕೊಟ್ಟರೆ ಹುಡುಗಿಯನ್ನು ನಾನೇ ಕೈಯಾರೆ ಆ ಮನೆಗೆ ದಾಟಿಸಿದಂತಾಗುತ್ತಿತ್ತು.

ಸಂಜೆ ಮಾವ ಬೀದಿಯ ಕಟ್ಟೆಯ ಮೇಲೆ ಕೂತಿದ್ದರು. ಹೋಗಿ, "ಮಾವ, ಲಾಡ್ಜಿನ ವಿಷಯ ಒಂದು ಕೇಳಬೇಕಿತ್ತು" ಎಂದೆ. ಲಾಡ್ಜು ಮನೆ ಮಾತಲ್ಲ. ಅವರ ಮುಖ ಅರಳಿತು. "ಬಹಳ ದೊಡ್ಡ ಮನುಷ್ಯರು ಬಂದಾಗ ಒಂದನೇ ರೂಮಿನಲ್ಲಿ ಆಗಲೇ ಯಾರಾದರೂ ಇದ್ದರೆ ಏನು ಮಾಡ್ತಿದ್ರಿ?" ಎಂದು ಕೇಳಿದೆ. "ಇದ್ದೋರನ್ನ ಎಬ್ಬಿಸಿ ಕೊಡ್ತಿದ್ದೆ ಕಣಮ್ಮ. ಒಂದ್ಸಲ ನಾನೇ ಅದರಲ್ಲಿ ಮಲಗಿದ್ದೆ, ಎದ್ದು ಬಿಟ್ಟುಕೊಟ್ಟು ಹಾಸಿಗೆ ಸುತ್ಕೊಂಡು ನೀರಿನ ಪಂಪಿನ ಪಕ್ಕ ಹೋಗಿ ಮಲಗಿದೆ. ಅತಿಥಿಗೆ ಮೇಲಿನ ರೂಮು ಕೊಡದೋನು ಮ್ಯಾನೇಜರೇ ಅಲ್ಲ." "ಹೌದಾ ಮಾವ? ನಾಳೆ ಬೀಗರು ಬರ್ತಾರಲ್ಲ, ಅದಕ್ಕೇ ನೆನಪಾಯ್ತು" ಎಂದು ನಾನು ಎದ್ದು ಬಂದೆ. ಅವರು ತುಂಬ ಹೊತ್ತು ಕಟ್ಟೆಯ ಮೇಲೇ ಇದ್ದರು. ಒಳಗೆ ಬಂದವರೇ ಜಬ್ಬಾರ್ ಸಾಹೇಬರಿಗೆ ಫೋನು ಮಾಡಿಸಿ, ಬೆಳಿಗ್ಗೆ ಬಂದು ಒಂದನ್ನು ಖಾಲಿ ಮಾಡಿಕೊಡಿ ಎಂದರು. ತಮಗೆ ವಾಷಿಂಗ್ ಮಷೀನಿನ ನಂತರದ ನಂಬರು ಬರೆಸಿಕೊಂಡರು. ಮುಖದಲ್ಲಿ ದೊಡ್ಡ ತ್ಯಾಗ ಮಾಡಿದ ಕಳೆ ಇತ್ತು.

ಬೀಗರು ಪಂಚಾಕ್ಷರಪ್ಪನವರು ಹತ್ತು ಜನರನ್ನು ಕಟ್ಟಿಕೊಂಡು ಬಂದರು. ಮಾವ ಹೊಸ್ತಿಲಲ್ಲಿ ಕಾಲಿಗೆ ನೀರು ಕೊಟ್ಟು, ಕೈಮುಗಿದು, "ತಮಗೆ ಒಂದನೇ ನಂಬರು" ಎಂದರು. ಪಂಚಾಕ್ಷರಪ್ಪನವರ ಎದೆ ಉಬ್ಬಿತು. ಬೇರೆಯವರ ಮನೆಯಲ್ಲಿ ಒಂದು ಸಿಗುವುದೆಂದರೆ ಸಾಮಾನ್ಯವೇ. ಎಲ್ಲರೂ ಚಾಪೆಯ ಮೇಲೆ ಕೂತರು. ಬೀಗರು ಗಂಟಲು ಸರಿಮಾಡಿಕೊಂಡು, "ಶುಭ ಕಾರ್ಯ, ಶುರುಮಾಡೋಣ" ಎಂದರು. ನಾನು ದೀಪದ ಕಡೆ ನೋಡಿದೆ. ಕೆಂಪಾಯಿತು.

ಮಾವ ಆಗಲಿ ಆಗಲಿ ಎಂದಿರಬೇಕು. ಕೇಳಲಿಲ್ಲ. ಮೊದಲಿಗೆ ಅವರಿಗೇ ತಿಳಿಯಲಿಲ್ಲ, ನಗುತ್ತಲೇ ಇದ್ದರು. ಪಂಚಾಕ್ಷರಪ್ಪನವರು ನಿಲ್ಲಿಸುವ ಜಾತಿಯವರಲ್ಲ. ಸಿಮೆಂಟಿನ ವಿಷಯ, ತಮ್ಮ ತಾತನ ವಿಷಯ, ಮದುವೆಗೆ ಬರುವ ಗಣ್ಯರ ವಿಷಯ ಎಲ್ಲ ಹೇಳಿದರು. ಆಮೇಲೆ, "ಇನ್ನೊಂದು ಸಣ್ಣ ವಿಷಯ. ಆ ವ್ಯಾನು ಮಾರಿಬಿಡಿ. ನಮ್ಮನೆ ಹೆಣ್ಮಕ್ಕಳು ಸ್ಟೀರಿಂಗ್ ಹಿಡಿಯೋ ಪದ್ಧತಿ ಇಲ್ಲ" ಎಂದರು. ಮಾವನ ನಗು ನಿಂತಿತು. ಅವರು ಏನೋ ಹೇಳಿದರು. ಇನ್ನೊಮ್ಮೆ, ಬಾಯಿ ದೊಡ್ಡದು ಮಾಡಿ ಹೇಳಿದರು. ನೀರು ಕುಡಿದರು, ಗಂಟಲು ಮುಟ್ಟಿ ನೋಡಿಕೊಂಡರು, ಮತ್ತೆ ಹೇಳಿದರು. ಕತ್ತಿನ ನರ ಉಬ್ಬಿತ್ತು. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. "ನೋಡಿ, ಎಂಥ ಸಂಭಾವಿತರು. ಒಂದು ಎದುರು ಮಾತಿಲ್ಲ" ಎಂದು ಪಂಚಾಕ್ಷರಪ್ಪನವರು ತಮ್ಮವರ ಕಡೆ ತಿರುಗಿ ಹೇಳಿದರು. ಅವರ ಕಡೆಯವರೂ ಏನೋ ಹೇಳಿದರು, ಅದೂ ಕೇಳಲಿಲ್ಲ.

ನಾನು ಇದನ್ನು ನೋಡಿ ಖುಷಿಪಡುತ್ತೇನೆ ಎಂದುಕೊಂಡಿದ್ದೆ. ಖುಷಿಯಾಗಲಿಲ್ಲ. ಅಷ್ಟು ವಯಸ್ಸಾದ ಮನುಷ್ಯ, ತನ್ನ ಮನೆಯ ಹಾಲಿನಲ್ಲಿ ಕೂತು ಮೀನಿನ ಹಾಗೆ ಬಾಯಿ ಬಿಡುವುದನ್ನು ನೋಡಲಾಗಲಿಲ್ಲ. ಅವರು ಸಹಾಯಕ್ಕೆಂದು ಅತ್ತೆಯ ಕಡೆ ನೋಡಿದರು. ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಮಗನ ಕಡೆ, ನನ್ನ ಕಡೆ ನೋಡಿದರು. ನಮ್ಮದೂ ಅಲ್ಲಾಡುತ್ತಿತ್ತು. ಅವರು ಆ ತುಟಿಗಳನ್ನು ದಿನಾ ಕಂಡಿದ್ದರು, ಅಂಜಿಕೆ ಎಂದುಕೊಂಡಿದ್ದರು. ಈಗ ಒಬ್ಬೊಬ್ಬರದನ್ನೇ ನಿಧಾನವಾಗಿ ನೋಡಿದರು.

ಪಂಚಾಕ್ಷರಪ್ಪನವರು ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಶಾಸ್ತ್ರಕ್ಕೆ ಒಂದು ಮಾತು ಹುಡುಗಿನೂ ಕೇಳಿಬಿಡೋಣ. ಏನಮ್ಮಾ, ಒಪ್ಪಿಗೆ ತಾನೇ?" ಎಂದರು. ದಾಕ್ಷಿ ತಲೆ ಎತ್ತಿ ಒಂದು ಮಾತು ಹೇಳಿದಳು. ಅವಳು ಬೀಗರ ಕಡೆ ನೋಡಿ ಹೇಳಲಿಲ್ಲ, ಅಪ್ಪನನ್ನೇ ನೋಡಿ ಹೇಳಿದಳು. ಮಾವ ಅವಳ ತುಟಿಯನ್ನೇ ನೋಡುತ್ತಿದ್ದರು. "ಮೌನಂ ಸಮ್ಮತಿ ಲಕ್ಷಣಂ" ಎಂದು ಪಂಚಾಕ್ಷರಪ್ಪನವರು ತಟ್ಟೆ ಎತ್ತಿದರು.

ಮಾವ ಎದ್ದು ನಿಂತರು. ಬೀಗರು ಚಾಚಿದ ತಟ್ಟೆಯನ್ನು ಮುಟ್ಟಲಿಲ್ಲ. ಚಾಪೆ ದಾಟಿ ಹೋಗಿ ಮಗಳ ಕೈ ಹಿಡಿದು ಎಬ್ಬಿಸಿದರು. ಪಂಚಾಕ್ಷರಪ್ಪನವರು, "ಹೆಣ್ಣು ಹೆತ್ತ ಕರುಳು, ಮಗಳಿಗೆ ದೇವರ ಮನೆಯಲ್ಲಿ ನಮಸ್ಕಾರ ಮಾಡಿಸ್ತಾರೆ" ಎಂದು ವಿವರಿಸಿದರು. ಮಾವ ದೇವರ ಮನೆ ದಾಟಿ, ಚಪ್ಪಲಿ ಮೆಟ್ಟದೆ, ಹೊಸ್ತಿಲು ದಾಟಿದರು. ನಾನೂ ಅತ್ತೆಯೂ ಹಿಂದೆಯೇ ಓಡಿದೆವು.

ಬೀದಿಯಲ್ಲಿ ಅಕ್ಕಪಕ್ಕದ ಹೆಂಗಸರು ಎಂದಿನಂತೆ ನಿಂತು ಮಾತಾಡುತ್ತಿದ್ದರು. ಮರುಳಸಿದ್ದಯ್ಯನವರು ವೀಳ್ಯದ ದಿನ ಬರಿಗಾಲಿನಲ್ಲಿ ಮಗಳ ಕೈಹಿಡಿದು ಬೀದಿಗೆ ಬಂದದ್ದು ನೋಡಿ ಎಲ್ಲರೂ ಹತ್ತಿರ ಸರಿದರು. ಮಾವ ಏದುಸಿರು ಬಿಡುತ್ತಿದ್ದರು. ತಮ್ಮ ದನಿ ಬರುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಮೆಲ್ಲಗೆ, "ಕೇಳ್ತದಾ?" ಎಂದರು. "ಕೇಳ್ತದೆ ಅಪ್ಪ" ಎಂದಳು ದಾಕ್ಷಿ.

"ಒಳಗೆ ಏನೋ ಅಂದ್ಯಲ್ಲ. ಅದನ್ನ ಹೇಳು."

"ಬೇಡ ಅಂದೆ. ನನಗೆ ಈ ಸಂಬಂಧ ಬೇಡ ಅಪ್ಪ."

ಬೀದಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮಾವ ಕಿವಿ ಮುಚ್ಚಿಕೊಳ್ಳಲಿಲ್ಲ. ಒಳಗಿನಿಂದ ಪಂಚಾಕ್ಷರಪ್ಪನವರೊಬ್ಬರ ದನಿ ಬರುತ್ತಲೇ ಇತ್ತು, ಊಟಕ್ಕೆ ಎಷ್ಟು ಎಲೆ ಎಂದು ಹೇಳುತ್ತಿದ್ದರು. ಮಾವ ಮಗಳ ಕೈ ಬಿಟ್ಟಿರಲಿಲ್ಲ.

"ಇದನ್ನ ಯಾವಾಗಿಂದ ಹೇಳ್ತಿದ್ದೀಯಮ್ಮಾ?"

"ನೀವು ಕೇಳಿದಾಗಲೆಲ್ಲ ಹೇಳಿದ್ದೀನಿ ಅಪ್ಪ."